ರೀಲಿದೆ, ತೊಳೆಯುವವರಿಲ್ಲ

ಸೂಪರ್ 8 ಫಿಲ್ಮಿಗೆ ಅರವತ್ತು ತುಂಬಿತು. ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಕೂತಿರುವ ಈ ಪುಟ್ಟ ರೀಲುಗಳಿಗೆ ನೆಗೆಟಿವ್ ಇಲ್ಲ, ಎರಡನೇ ಪ್ರತಿಯೂ ಇಲ್ಲ. ತೊಳೆದುಕೊಡುವವರು ಗುಬ್ಬಿಯಲ್ಲಿಲ್ಲ, ತುಮಕೂರಿನಲ್ಲಿಲ್ಲ, ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗರು. ಹಾಗಾದರೆ ರೀಲು ಎಲ್ಲಿಗೆ ಹೋಗಬೇಕು?

ಗುಬ್ಬಿಯ ಹಳೇ ಪೇಟೆಯ ಒಂದು ಮನೆ. ಆಯುಧಪೂಜೆ ಹತ್ತಿರ ಬಂತೆಂದು ಅಟ್ಟದ ಸಾಮಾನೆಲ್ಲ ಹಜಾರಕ್ಕೆ ಇಳಿದಿತ್ತು. ತಾಮ್ರದ ಹಂಡೆ, ಕಾಲು ಮುರಿದ ತೊಟ್ಟಿಲು, ಕೊಬ್ಬರಿ ತುಂಬುತ್ತಿದ್ದ ಗೋಣಿಚೀಲಗಳ ಕಟ್ಟು. ಎಲ್ಲದರ ಹಿಂದೆ ಹಿಡಿ ಕಿತ್ತುಹೋದ ಸೂಟ್‌ಕೇಸ್. ಅದರ ಮೇಲೆ ಏರ್ ಇಂಡಿಯಾದ ಚೀಟಿ ಇನ್ನೂ ಅಂಟಿಕೊಂಡಿತ್ತು.

ಒಳಗಿದ್ದದ್ದು ಉಣ್ಣೆಯ ಸ್ವೆಟರು, ನುಸಿಗುಳಿಗೆಯ ವಾಸನೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಒಂದು ಹಳದಿ ಡಬ್ಬಿ. ಡಬ್ಬಿಯೊಳಗೆ ಅಂಗೈಯಗಲದ ಕಪ್ಪು ಪೆಟ್ಟಿಗೆ.

"ಅಜ್ಜೀ, ಇದೇನಿದು? ಟೇಪ್‌ರೆಕಾರ್ಡರ್ ಕ್ಯಾಸೆಟ್ಟಾ?"

"ಅಲ್ಲ ಕಣೋ, ನಿಮ್ಮ ದೊಡ್ಡ ತಾತ ಅಮೆರಿಕದಿಂದ ಬಂದಾಗ ತೆಗೆದ ಸಿನಿಮಾ ಅದು. ಚನ್ನಬಸವೇಶ್ವರನ ತೇರು, ಆಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆದಿದ್ರು. ತೊಳೆಸಿ ಕಳಿಸ್ತೀನಿ ಅಂದೋರು ಇಲ್ಲೇ ಮರ್ತು ಹೋದ್ರು ನೋಡು."

ಪೆಟ್ಟಿಗೆಯ ಮುಂಭಾಗದಲ್ಲಿ ಕಿಟಕಿಯಂಥ ಪುಟ್ಟ ತೆರಪು. ಅಲ್ಲಿ ಕಾಣುವ ಒಂದು ಬೆರಳಗಲದ ಫಿಲ್ಮಿನ ಮೇಲೆ ಇಂಗ್ಲಿಷಿನಲ್ಲಿ 'ಎಕ್ಸ್‌ಪೋಸ್ಡ್' ಎಂಬ ಮುದ್ರೆ. ರೀಲು ಕೊನೆಯವರೆಗೂ ಓಡಿದೆ, ತೇರು ಒಳಗೆ ಸಿಕ್ಕಿಬಿದ್ದಿದೆ ಎಂದು ಅದರರ್ಥ.

ಮರುದಿನ ಆ ಪೆಟ್ಟಿಗೆ ಬಿ.ಎಚ್. ರಸ್ತೆ ಹಿಡಿದು ತುಮಕೂರಿಗೆ ಬಂತು. ಎಂ.ಜಿ. ರಸ್ತೆಯ ಕಡೆಯ ಸ್ಟುಡಿಯೋ ಒಂದರಲ್ಲಿ ಕೌಂಟರಿನ ಹುಡುಗ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದವನು ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ, ಅಲುಗಾಡಿಸಿ, ಒಳಗೆ ದನಿ ಹಾಕಿದ. ಹಿರಿಯರು ಬಂದರು. ಕಣ್ಣಿಗೆ ಹತ್ತಿರ ಹಿಡಿದರು. ನಕ್ಕರು.

"ಇದನ್ನ ತುಮಕೂರಲ್ಲಿ ಯಾವತ್ತೂ ತೊಳೆದಿಲ್ಲ ಸಾರ್. ಆಗ್ಲೂ ಬೆಂಗಳೂರಿಗೇ ಕಳಿಸ್ತಿದ್ವಿ. ಬೆಂಗಳೂರಿನೋರು ಎಲ್ಲಿಗೆ ಕಳಿಸ್ತಿದ್ರೋ ಅವರಿಗೇ ಗೊತ್ತು."

ಹಳೆಯ ಲ್ಯಾಬುಗಳೆಲ್ಲ ಮುಚ್ಚಿಹೋದವು ಎಂದು ನಾವು ಮರುಗುತ್ತೇವೆ. ಈ ಪುಟ್ಟ ಫಿಲ್ಮಿನ ಮಟ್ಟಿಗೆ ಜಿಲ್ಲೆಗಳಲ್ಲಿ ಮುಚ್ಚಲು ಲ್ಯಾಬೇ ಇರಲಿಲ್ಲ. ಇದ್ದದ್ದು ಒಂದು ಅಂಚೆದಾರಿ. ಹಳದಿ ಲಕೋಟೆ ಊರಿಂದ ಊರಿಗೆ, ದೇಶದಿಂದ ದೇಶಕ್ಕೆ ಹೋಗಿ, ವಾರಗಳಾದ ಮೇಲೆ ಚಿತ್ರವಾಗಿ ಮರಳುತ್ತಿತ್ತು. ಕಡಿದುಹೋದದ್ದು ಆ ದಾರಿ.

ನೆಗೆಟಿವ್ ಇಲ್ಲದ ಫಿಲ್ಮು

ನಮ್ಮ ಸ್ಟುಡಿಯೋಗಳು ಲಕ್ಷಗಟ್ಟಲೆ ತೊಳೆದದ್ದು ನೆಗೆಟಿವ್. ಅದರಲ್ಲಿ ಬಿಳಿ ಪಂಚೆ ಕಪ್ಪು, ಕಪ್ಪು ಕೂದಲು ಬಿಳಿ. ಪ್ರಿಂಟ್ ಹಾಕಿದಾಗ ಎಲ್ಲ ನೇರವಾಗುತ್ತದೆ, ಪ್ರಿಂಟ್ ಹರಿದರೆ ಇನ್ನೊಂದು ಹಾಕಬಹುದು.

ಮನೆ ಸಿನಿಮಾದ ರಿವರ್ಸಲ್ ಫಿಲ್ಮಿನ ಲೆಕ್ಕವೇ ಬೇರೆ. ಕ್ಯಾಮೆರಾದೊಳಗೆ ಓಡಿದ ಪಟ್ಟಿಯೇ ತೊಳೆದ ಮೇಲೆ ನೇರ ಚಿತ್ರವಾಗಿ ಪ್ರೊಜೆಕ್ಟರಿಗೆ ಏರುತ್ತದೆ. ಕೊಡಾಕ್ ಕಂಪನಿ 1923ರಲ್ಲಿ 16 ಎಂಎಂ ಫಿಲ್ಮನ್ನು ಮಾರುಕಟ್ಟೆಗೆ ತಂದಾಗ ಅಲ್ಲಿನ ಜಾನ್ ಕ್ಯಾಪ್‌ಸ್ಟಾಫ್ ಈ ವಿಧಾನವನ್ನು ಹದಕ್ಕೆ ತಂದಿದ್ದರು. ಹವ್ಯಾಸಿಗೆ ಬೇಕಾದದ್ದು ಒಂದೇ ಪ್ರತಿ. ನೆಗೆಟಿವ್‌ಗೊಂದು, ಪ್ರಿಂಟ್‌ಗೊಂದು ಎಂದು ಎರಡು ಫಿಲ್ಮಿನ ಖರ್ಚು ಯಾಕೆ ಎಂಬುದು ಲೆಕ್ಕಾಚಾರ. 1932ರಲ್ಲಿ 8 ಎಂಎಂ ಬಂತು, 1965ರಲ್ಲಿ ಸೂಪರ್ 8. ಗಾತ್ರ ಇಳಿದಂತೆ ಬೆಲೆಯೂ ಇಳಿಯಿತು.

ಕಪ್ಪು-ಬಿಳುಪಿನ ರಿವರ್ಸಲ್ ಕೆಲಸ ಹೀಗೆ ನಡೆಯುತ್ತದೆ. ಮೊದಲ ಡೆವಲಪರ್‌ನಲ್ಲಿ ಬೆಳಕು ಬಿದ್ದ ಜಾಗವೆಲ್ಲ ಕಪ್ಪು ಬೆಳ್ಳಿಯಾಗುತ್ತದೆ. ಮಾಮೂಲಿ ನೆಗೆಟಿವ್ ಆದರೆ ಇಲ್ಲಿಗೆ ಚಿತ್ರವನ್ನು ಸ್ಥಿರಗೊಳಿಸುವ ಹೈಪೋ ದ್ರಾವಣಕ್ಕೆ ಹಾಕಿ ಮುಗಿಸಬಹುದು. ಇಲ್ಲಿ ಹಾಗಿಲ್ಲ. ಆ ಕಪ್ಪು ಬೆಳ್ಳಿಯನ್ನೇ ಬ್ಲೀಚಿನಲ್ಲಿ ಕರಗಿಸಿ ತೆಗೆಯುತ್ತಾರೆ. ಉಳಿಯುವುದು ಕ್ಯಾಮೆರಾದಲ್ಲಿ ಬೆಳಕು ಕಾಣದ ಭಾಗ. ಈಗ ಅದಕ್ಕೆ ಬೇಕೆಂದೇ ಬೆಳಕು ತೋರಿಸಿ ಮತ್ತೆ ಡೆವಲಪರ್‌ಗೆ ಇಳಿಸಿದರೆ ಕೂದಲು ಕಪ್ಪಾಗಿ, ಪಂಚೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ.

ಇದರಲ್ಲಿ ಕೈ ತಪ್ಪಿದರೆ ತಿದ್ದುವ ಜಾಗ ಇಲ್ಲ. ಮೊದಲ ಡೆವಲಪರ್‌ನಲ್ಲಿ ಹೊತ್ತು ಹೆಚ್ಚಾದರೆ ಚಿತ್ರ ತೆಳುವಾಗಿ ಹಾರಿಹೋಗುತ್ತದೆ, ಕಮ್ಮಿಯಾದರೆ ಕತ್ತಲು ಕವಿಯುತ್ತದೆ. ಪ್ರಿಂಟಿನಲ್ಲಿ ನೋಡಿಕೊಳ್ಳೋಣ ಎನ್ನುವಂತಿಲ್ಲ.

ಟಿ.ವಿ. ಸುದ್ದಿಯವರಿಗೆ ಈ ಫಿಲ್ಮು ಇಷ್ಟವಾದದ್ದು ಇನ್ನೊಂದು ಕಾರಣಕ್ಕೆ. ಪ್ರಿಂಟ್ ಹಾಕುತ್ತ ಕೂರಬೇಕಿಲ್ಲ, ಬೆಳಿಗ್ಗೆ ತೆಗೆದದ್ದನ್ನು ತೊಳೆದು ಸಂಜೆಗೆ ತೋರಿಸಬಹುದು. ವಿಡಿಯೋ ಕ್ಯಾಮೆರಾ ಬರುವ ಮೊದಲು ಅಮೆರಿಕದ ಟಿ.ವಿ. ಕೇಂದ್ರಗಳಿಂದ ಹಿಡಿದು ನಮ್ಮ ದೂರದರ್ಶನದವರೆಗೆ ಸುದ್ದಿಗೆ 16 ಎಂಎಂ ರಿವರ್ಸಲ್ ಬಳಸುತ್ತಿದ್ದರು. ಹಳ್ಳಿಗೆ ವ್ಯಾನಿನಲ್ಲಿ ಬಂದು ಶಾಲೆ ಗೋಡೆಗೆ ಬಿಳಿ ಪರದೆ ಕಟ್ಟಿ ತೋರಿಸುತ್ತಿದ್ದ ವಾರ್ತಾ ಇಲಾಖೆಯ ಚಿತ್ರಗಳೂ 16 ಎಂಎಂ ಆಗಿದ್ದವು. ಆದರೆ ಅವು ಪ್ರಿಂಟುಗಳು, ಒಂದು ಸವೆದರೆ ಇನ್ನೊಂದು ಬರುತ್ತಿತ್ತು. ಮನೆಯ ರೀಲು ಹೋದರೆ ಹೋಯಿತು.

▌ಯಾವ ರೀಲು? ಹೀಗೆ ಗುರುತಿಸಿ

ಸೂಪರ್ 8: ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ. ತೊಳೆದ ಫಿಲ್ಮಿನಲ್ಲಿ ತೂತು ಚಿಕ್ಕದು, ಚಿತ್ರದ ಪಕ್ಕಕ್ಕೆ ನಟ್ಟನಡುವೆ ಇರುತ್ತದೆ. 50 ಅಡಿ, 3,600 ಚಿತ್ರ. ಸೆಕೆಂಡಿಗೆ 18ರಂತೆ 3 ನಿಮಿಷ 20 ಸೆಕೆಂಡ್.

ಹಳೆಯ 8 ಎಂಎಂ: ಕಬ್ಬಿಣದ ಸಣ್ಣ ಉರುಳೆ. ತೂತು ದೊಡ್ಡದು, ಎರಡು ಚಿತ್ರಗಳ ಗಡಿಯಲ್ಲಿ ಇರುತ್ತದೆ. ಕ್ಯಾಮೆರಾಗೆ ಹೋಗುವಾಗ ಇದು 16 ಎಂಎಂ ಅಗಲದ 25 ಅಡಿ. ಒಂದು ಪಕ್ಕ ಮುಗಿದ ಮೇಲೆ ತಿರುಗಿಸಿ ಹಾಕಬೇಕು. ತೊಳೆದ ಮೇಲೆ ಲ್ಯಾಬಿನವರೇ ಉದ್ದಕ್ಕೆ ಸೀಳಿ, ಜೋಡಿಸಿ 50 ಅಡಿ ಮಾಡಿಕೊಡುತ್ತಿದ್ದರು.

16 ಎಂಎಂ: ಸಾಮಾನ್ಯವಾಗಿ 100 ಅಡಿಯ ಉರುಳೆ, 4,000 ಚಿತ್ರ.

ಈ ಮೂರೂ 'ಸೇಫ್ಟಿ' ಫಿಲ್ಮು. ಹಳೆಯ 35 ಎಂಎಂ ನೈಟ್ರೇಟ್ ರೀಲಿನ ಹಾಗೆ ಹತ್ತಿ ಉರಿಯುವ ಭಯವಿಲ್ಲ.

ಸಂಗೀತಗಾರರು ಕಂಡುಹಿಡಿದ ಬಣ್ಣ

ಗುಬ್ಬಿಯ ಹಳದಿ ಡಬ್ಬಿಯ ಮೇಲಿದ್ದ ಹೆಸರು ಕೊಡಾಕ್ರೋಮ್. ಕಥೆ ತೊಡಕಾಗುವುದು ಇಲ್ಲೇ.

ಕೊಡಾಕ್ರೋಮ್ ಕಂಡುಹಿಡಿದವರು ಲಿಯೊಪೋಲ್ಡ್ ಮ್ಯಾನ್ಸ್ ಮತ್ತು ಲಿಯೊಪೋಲ್ಡ್ ಗೊಡೌಸ್ಕಿ. ಒಬ್ಬರು ಪಿಯಾನೋ ವಾದಕರು, ಇನ್ನೊಬ್ಬರು ಪಿಟೀಲು ವಾದಕರು. ಡಾರ್ಕ್‌ರೂಮಿನ ಕತ್ತಲಲ್ಲಿ ಗಡಿಯಾರ ಕಾಣದ ಕಾರಣ ಬ್ರಾಹ್ಮ್ಸ್ ರಚನೆಯೊಂದನ್ನು ಲಯ ತಪ್ಪದೆ ಸಿಳ್ಳೆ ಹಾಕುತ್ತ ಹೊತ್ತು ಅಳೆಯುತ್ತಿದ್ದರಂತೆ. ತುಮಕೂರಿನ ಹಿರಿಯರಿಗೆ ಇದನ್ನು ಹೇಳಿದಾಗ ಅವರು ಬೆರಗಾಗಲಿಲ್ಲ. ನಾನು ಎಚ್‌ಎಂಟಿ ವಾಚಿನ ಹೊಳೆಯುವ ಮುಳ್ಳು ನೋಡಿಕೊಂಡು ತೊಳೆಯುತ್ತಿದ್ದೆ, ಅದೂ ನಮ್ಮೂರಲ್ಲೇ ತಯಾರಾದದ್ದು ಎಂದರು. ಊರಿನ ಅಭಿಮಾನ ಬಿಡುವವರಲ್ಲ.

1935ರಲ್ಲಿ 16 ಎಂಎಂ ಸಿನಿಮಾ ಫಿಲ್ಮಾಗಿ ಬಂದ ಕೊಡಾಕ್ರೋಮ್ ಮರುವರ್ಷ 8 ಎಂಎಂಗೂ ಬಂತು. ಅದರ ಗುಟ್ಟೆಂದರೆ ಫಿಲ್ಮಿನಲ್ಲಿ ಬಣ್ಣವೇ ಇರುತ್ತಿರಲಿಲ್ಲ. ಕೊಡಾಕ್‌ನದೇ ಎಕ್ಟಾಕ್ರೋಮ್‌ನಂಥ ಬಣ್ಣದ ಫಿಲ್ಮು ನೂಲಿಗೇ ಬಣ್ಣ ಹಾಕಿ ನೇಯ್ದ ಸೀರೆಯಾದರೆ, ಕೊಡಾಕ್ರೋಮ್ ನೇಯ್ದಾದ ಮೇಲೆ ಬಣ್ಣಗಾರರ ಮನೆಗೆ ಹೋಗಬೇಕಾದ ಬಿಳಿ ಸೀರೆ. ಮೂರು ಪದರಗಳಿಗೂ ಲ್ಯಾಬಿನಲ್ಲೇ, ಒಂದಾದ ಮೇಲೊಂದರಂತೆ ಬಣ್ಣ ಹತ್ತಿಸಬೇಕು. ಹಿಂಬದಿಯಿಂದ ಕೆಂಪು ಬೆಳಕು ಬಿಟ್ಟು ಒಂದು ಡೆವಲಪರ್, ಮುಂಬದಿಯಿಂದ ನೀಲಿ ಬೆಳಕು ಬಿಟ್ಟು ಇನ್ನೊಂದು, ಉಳಿದ ನಡುವಿನ ಪದರಕ್ಕೆ ಮತ್ತೊಂದು. 1974ರ ನಂತರ ಇದಕ್ಕೆ ಕೆ-14 ಎಂದು ಹೆಸರು. ಉದ್ದದ ಯಂತ್ರ, ಪಕ್ಕದಲ್ಲಿ ಕೆಮಿಸ್ಟು, ಇಷ್ಟಿಲ್ಲದೆ ಆಗುವ ಕೆಲಸವಲ್ಲ.

ಹಾಗಾಗಿಯೇ ಹಲವು ದೇಶಗಳಲ್ಲಿ ಫಿಲ್ಮಿನ ಬೆಲೆಯಲ್ಲೇ ತೊಳೆಯುವ ಖರ್ಚನ್ನೂ ಸೇರಿಸಿ ಮಾರುತ್ತಿದ್ದರು. ಡಬ್ಬಿಯೊಳಗೇ ಲಕೋಟೆ, ಮೇಲೆ ಲ್ಯಾಬಿನ ವಿಳಾಸ. ಶೂಟಿಂಗ್ ಮುಗಿಸಿ ಅಂಚೆಗೆ ಹಾಕಿದರೆ ಆಯಿತು. ದೊಡ್ಡ ಊರಿನಲ್ಲಿದ್ದವರಿಗೆ ಕೆಲಸ ಇನ್ನೂ ಬೇಗ ಆಗುತ್ತಿತ್ತು. 1963ರ ನವೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಕೆನಡಿಗೆ ಗುಂಡು ತಗುಲಿದ 26 ಸೆಕೆಂಡುಗಳ ಚಿತ್ರ ಜಗತ್ತಿಗೆ ಸಿಕ್ಕಿದ್ದು ಒಬ್ಬ ಉಡುಪು ತಯಾರಕನ 8 ಎಂಎಂ ಕೊಡಾಕ್ರೋಮ್‌ನಿಂದ. ಡಲ್ಲಾಸ್‌ನಲ್ಲೇ ಕೊಡಾಕ್ ಲ್ಯಾಬ್ ಇತ್ತು, ಅದೇ ದಿನ ತೊಳೆದು ಕೈಗೆ ಕೊಟ್ಟರು.

ನಮ್ಮ ಕಡೆ ಅಂಥ ಭಾಗ್ಯ ಎಲ್ಲಿತ್ತು? ಲೈಸೆನ್ಸ್ ಕಾಲದಲ್ಲಿ ಕ್ಯಾಮೆರಾ, ಫಿಲ್ಮು ಎರಡೂ ಹೊರಗಿನಿಂದ ಬರಬೇಕು, ಸುಂಕ ಬೇರೆ ಭಾರಿ. ಎಂಜಿನಿಯರಿಂಗ್ ಓದಿ ಹೊರದೇಶಕ್ಕೆ ಹೋದವರು ರಜೆಗೆ ಬರುವಾಗ ತಂದರೆ ತಂದರು. ಅವರು ಇಲ್ಲಿ ತೆಗೆದದ್ದನ್ನು ವಾಪಸ್ ಒಯ್ದು ಅಲ್ಲಿ ತೊಳೆಸುತ್ತಿದ್ದರು. ಸಿದ್ಧಗಂಗೆಯ ದನದ ಜಾತ್ರೆಯನ್ನೋ ತಂಗಿಯ ಮದುವೆಯನ್ನೋ ಮೊದಲು ನೋಡಿದ್ದು ಅಮೆರಿಕದ ಯಾವುದೋ ಊರಿನ ಬೈಠಕ್‌ಖಾನೆಯ ಗೋಡೆ. ಇಲ್ಲಿದ್ದವರಿಗೆ ತಮ್ಮದೇ ಚಿತ್ರ ಕಾಣಲು ಇನ್ನೊಂದು ರಜೆಯವರೆಗೆ ಕಾಯಬೇಕು, ಆಗಲೂ ಪ್ರೊಜೆಕ್ಟರ್ ಹೊತ್ತು ತಂದರೆ ಮಾತ್ರ.

ಕನ್ಸಾಸ್‌ನ ಕೊನೆಯ ಯಂತ್ರ

ದಾರಿ ಮುಚ್ಚಿದ್ದು ಮೆಲ್ಲಮೆಲ್ಲನೆ. 2005ರಲ್ಲಿ ಸೂಪರ್ 8 ಕೊಡಾಕ್ರೋಮ್ ನಿಲ್ಲಿಸುತ್ತೇವೆಂದು ಕೊಡಾಕ್ ಹೇಳಿತು. ಯೂರೋಪಿನ ರೀಲುಗಳೆಲ್ಲ ಹೋಗುತ್ತಿದ್ದ ಸ್ವಿಟ್ಜರ್ಲೆಂಡಿನ ಲಾಸಾನ್ ಬಳಿಯ ಲ್ಯಾಬ್ 2006ರಲ್ಲಿ ಬಾಗಿಲು ಹಾಕಿತು. ಕೊನೆಗೆ ಇಡೀ ಭೂಮಿಗೆ ಉಳಿದದ್ದು ಅಮೆರಿಕದ ಕನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೋ ಒಂದೇ. ಮನೆತನದವರು ನಡೆಸುವ ಲ್ಯಾಬ್.

ಸ್ಟೀವ್ ಮೆಕರಿ ಎಂಬ ಹೆಸರಾಂತ ಛಾಯಾಗ್ರಾಹಕರು ಕಾರ್ಖಾನೆಯಿಂದ ಬಂದ ಕಟ್ಟಕಡೆಯ ಕೊಡಾಕ್ರೋಮ್ ರೋಲ್ ಕೇಳಿ ಪಡೆದು, ಅದರ 36 ಚಿತ್ರಗಳಲ್ಲಿ ಕೆಲವನ್ನು ರಾಜಸ್ಥಾನದ ರಬಾರಿಗಳಿಗೂ ಮುಂಬೈನ ನಟರಿಗೂ ಮೀಸಲಿಟ್ಟು, 2010ರಲ್ಲಿ ತಾವೇ ಖುದ್ದಾಗಿ ಪಾರ್ಸನ್ಸ್‌ಗೆ ಒಯ್ದು ತೊಳೆಸಿದರು. ಅಂಚೆಯನ್ನು ನಂಬಲಿಲ್ಲ.

ರೀಲು ಪಡೆಯುವ ಕೊನೆಯ ದಿನ 2010ರ ಡಿಸೆಂಬರ್ 30. ಜಗತ್ತಿನ ಮೂಲೆಮೂಲೆಯಿಂದ ಪೊಟ್ಟಣಗಳು ಬಂದು ಬಿದ್ದವು. ರೈಲುಗಳ ಚಿತ್ರ ತೆಗೆಯುವ ಹುಚ್ಚಿನ ರೈಲ್ವೆ ನೌಕರರೊಬ್ಬರು ಅರ್ಕಾನ್ಸಾಸ್‌ನಿಂದ ಬಂದು 1,580 ರೋಲ್ ತೊಳೆಸಿಕೊಂಡು 15,798 ಡಾಲರ್ ಎಣಿಸಿ ಹೋದರು. ಬಾಕಿ ಪೊಟ್ಟಣಗಳನ್ನು ಮುಗಿಸಿ 2011ರ ಜನವರಿಯಲ್ಲಿ ಯಂತ್ರ ನಿಲ್ಲಿಸಿದಾಗ ಅದರೊಳಗೆ ಕೊನೆಯದಾಗಿ ಓಡಿದ್ದು ಲ್ಯಾಬಿನ ಮಾಲೀಕರೇ ತೆಗೆದ ರೋಲ್.

ಅಂದಮೇಲೆ ಗುಬ್ಬಿಯ ತೇರಿಗೆ ಇನ್ನು ಬಣ್ಣ ಬರುವುದಿಲ್ಲ. ಎಷ್ಟು ಹಣ ಸುರಿದರೂ ಇಲ್ಲ. ಬಣ್ಣ ಫಿಲ್ಮಿನಲ್ಲಿ ಇರಲೇ ಇಲ್ಲವಲ್ಲ.

ಚಿತ್ರ ಮಾತ್ರ ಇದೆ. ಬೆಳಕು ಕಂಡ ಬೆಳ್ಳಿ ಇನ್ನೂ ಅಲ್ಲೇ ಇದೆ, ಅದನ್ನು ಕಪ್ಪು-ಬಿಳುಪಾಗಿ ಎಬ್ಬಿಸಬಹುದು. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಇಂಡಿಯನ್ ಹೆಡ್ ಎಂಬ ಊರಿದೆ. ಅಲ್ಲಿನ ಫಿಲ್ಮ್ ರೆಸ್ಕ್ಯೂ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಗೆ ಹೀಗೆ ದಶಕಗಟ್ಟಲೆ ಮರೆತ ಫಿಲ್ಮು ತೊಳೆಯುವುದೇ ಕಸುಬು. ಬಂದ ರೀಲುಗಳನ್ನು ಕೂಡಿಟ್ಟುಕೊಂಡು ಕಂತುಕಂತಾಗಿ ತೊಳೆಯುತ್ತಾರೆ, ಆದ್ದರಿಂದ ತಾಳ್ಮೆ ಬೇಕು. ಕಪ್ಪು-ಬಿಳುಪು ನೆಗೆಟಿವ್ ಆಗಿ ತೊಳೆದು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ತಿರುಗಿಸಿದರೆ ಸಾಕಾಗುವುದರಿಂದ ರಿವರ್ಸಲ್‌ನ ರಗಳೆಯೂ ತಪ್ಪುತ್ತದೆ.

ಹೆಂಚಿನ ಮನೆಯ ಅಟ್ಟ ನಲವತ್ತು ಬೇಸಿಗೆ ಕಂಡಿದೆ ಎನ್ನುವುದೇ ಹೆದರಿಕೆ. ಬಿಸಿಲಿಗೆ, ವಯಸ್ಸಿಗೆ ಫಿಲ್ಮು ತಾನಾಗಿಯೇ ಮಂಕಾಗುತ್ತ ಹೋಗುತ್ತದೆ. ತೇರಿನ ಕಳಸ ಕಂಡರೂ ಎಳೆಯುವವರ ಮುಖ ಕಾಣದೇ ಹೋಗಬಹುದು.

ನಮ್ಮಲ್ಲಿ ಲ್ಯಾಬುಗಳು ಇರಲಿಲ್ಲವೇ?

ಇದ್ದವು, ದೊಡ್ಡವೇ ಇದ್ದವು. ಕನ್ನಡ ಸಿನಿಮಾ ಬಹುಕಾಲ ಮದರಾಸಿನ ಲ್ಯಾಬುಗಳ ಬಾಗಿಲು ಕಾಯಿತು. ಎವಿಎಂ, ವಿಜಯಾ, ಜೆಮಿನಿ; 1976ರಿಂದ ಪ್ರಸಾದ್. ಆದರೆ ಅವೆಲ್ಲ 35 ಎಂಎಂ ನೆಗೆಟಿವ್‌ನ ಲೋಕ. ಸಾವಿರಾರು ಅಡಿ ಓಡುವ ಯಂತ್ರಕ್ಕೆ 50 ಅಡಿಯ ಸೂಪರ್ 8 ಪಟ್ಟಿ ಹಾಕಿ ಎಂದರೆ ಯಾರು ಹಾಕುತ್ತಾರೆ? 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು, ಫ್ಯೂಜಿ ಸಿನಿಮಾ ಫಿಲ್ಮು ಮಾಡುವುದನ್ನೇ ಬಿಟ್ಟಿತು, ಚಿತ್ರಮಂದಿರಗಳು ಡಿಜಿಟಲ್ ಆದವು. ಪ್ರಸಾದ್ ಸೇರಿ ದೊಡ್ಡ ಲ್ಯಾಬುಗಳು ತೊಳೆಯುವ ತೊಟ್ಟಿ ಬರಿದು ಮಾಡಿದವು.

ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆ, 1967ರಲ್ಲಿ ಉತ್ಪಾದನೆ. ಅದರ 'ಇಂದು' ಕಪ್ಪು-ಬಿಳುಪು ರೋಲು, ಎಕ್ಸ್‌ರೇ ಫಿಲ್ಮು ನೋಡದ ಸ್ಟುಡಿಯೋ, ಆಸ್ಪತ್ರೆ ಆಗ ಇರಲಿಲ್ಲ. ಅದೂ ಮುಚ್ಚಿತು. ಕಾರ್ಖಾನೆ ಸುತ್ತ ಬೆಳೆದ ಇಂದೂನಗರದ ಹೆಸರು ಉಳಿದಿದೆ.

ಗುಬ್ಬಿಯ ಹೆಸರು ಬಂದಾಗ ವೀರಣ್ಣನವರನ್ನು ನೆನೆಯದೆ ಮುಂದೆ ಹೋಗಲಾಗದು. ನಾಟಕ ಕಂಪನಿ ಕಟ್ಟಿ ಆಳಿದ ಅವರು ಮೂಕಿ ಕಾಲದಲ್ಲೇ ಸಿನಿಮಾಕ್ಕೆ ಹಣ ಹಾಕಿದವರು. ರಾಜ್‌ಕುಮಾರ್ ನಾಯಕರಾದ 1954ರ 'ಬೇಡರ ಕಣ್ಣಪ್ಪ'ದ ಹಿಂದೆಯೂ ಅವರ ಸಂಸ್ಥೆ ಇತ್ತು. ಆದರೆ ಆ ಕಾಲದ ಸಿನಿಮಾಗಳನ್ನು ಉಳಿಸಿಕೊಂಡೆವೇ? ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇವತ್ತು ಉಳಿದಿಲ್ಲ. ಊರೂರಿನ ಥಿಯೇಟರುಗಳಿಗೆ ಪ್ರಿಂಟ್ ಹೋಗಿದ್ದ ಸಿನಿಮಾದ ಗತಿಯೇ ಇದಾದರೆ, ಇರುವುದೊಂದೇ ಪ್ರತಿಯಾದ ಮನೆ ರೀಲಿನ ಗತಿ ಏನು ಎಂದು ಯಾರೂ ಕೇಳಿಲ್ಲ. ನಮ್ಮ ಸಿನಿಮಾ ಚರಿತ್ರೆಕಾರರಿಗೆ ಥಿಯೇಟರಿಗೆ ಬಾರದ್ದು ಸಿನಿಮಾವೇ ಅಲ್ಲ ಎಂಬ ಧೋರಣೆ ಇನ್ನೂ ಬಿಟ್ಟಿಲ್ಲ.

ಹೊರಗಿನವರು ಇಂಥ ಪುಟ್ಟ ರೀಲುಗಳ ಬೆಲೆ ಮೊದಲೇ ತಿಳಿದರು. ಡಚ್ ಸಂಗೀತ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತ ಸುತ್ತಿ ಕುಣಿತ, ಆಚರಣೆಗಳನ್ನು 16 ಎಂಎಂನಲ್ಲಿ ಹಿಡಿದರು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಚಿತ್ರಗಳನ್ನು ಹಿಡಿದುಕೊಂಡು ತಮಿಳುನಾಡು, ಕೇರಳ, ಕರ್ನಾಟಕದಲ್ಲಿ ಅದೇ ಜಾಗಗಳನ್ನು ಹುಡುಕಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಿದರು. ಇಂಗ್ಲೆಂಡಿನ ಕೇಂಬ್ರಿಜ್‌ನ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರದಲ್ಲಿ ಬ್ರಿಟಿಷ್ ಕುಟುಂಬಗಳು ಭಾರತದಲ್ಲಿ ತೆಗೆದ ಮನೆ ಸಿನಿಮಾಗಳ ದೊಡ್ಡ ಭಂಡಾರವೇ ಇದೆ. ದೊರೆಗಳ ಟೆನಿಸ್ ಆಟ ಭದ್ರವಾಗಿದೆ, ನಮ್ಮಜ್ಜಿಯ ಸೀಮಂತ ಟ್ರಂಕಿನಲ್ಲಿದೆ.

ಕುಣಿಗಲ್‌ನ ಟ್ಯೂಬ್‌ಲೈಟಿನ ಕೆಳಗೆ

ಸಿಕ್ಕ ರೀಲಿಗೆಲ್ಲ ಲ್ಯಾಬ್ ಬೇಕಿಲ್ಲ. ಇದನ್ನು ಅರಿಯದೆ ಪರದಾಡುವವರೇ ಹೆಚ್ಚು.

ಕುಣಿಗಲ್‌ನ ಒಂದು ಮನೆಯಲ್ಲಿ ಹಳೆಯ 8 ಎಂಎಂ ರೀಲು ಬಿಸ್ಕತ್ ಡಬ್ಬಿಯಲ್ಲಿತ್ತು. 'ತೊಳೆಸಬೇಕು' ಎಂದು ವರ್ಷಗಳಿಂದ ಅಂದುಕೊಂಡಿದ್ದರು. ಮುಚ್ಚಳ ತೆಗೆದು ತುದಿ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದರೆ ಚಿತ್ರ ಕಾಣುತ್ತದೆ! ಯಾವ ಕಾಲದಲ್ಲೋ ತೊಳೆದಾಗಿದೆ. ಭೂತಗನ್ನಡಿ ಇಟ್ಟು ನೋಡಿದೆವು. ಐದು ಮಿಲಿಮೀಟರಿಗಿಂತ ಕಿರಿದಾದ ಒಂದೊಂದು ಚೌಕದಲ್ಲೂ ನೀರು. ಕೆರೆ ಕೋಡಿ ಬಿದ್ದಿದೆ, ಏರಿಯ ಮೇಲೆ ಜನ, ಒಬ್ಬ ಹೆಂಗಸಿನ ಕೈಯಲ್ಲಿ ಮೊರದ ಬಾಗಿನ. ಮುಂದಿನ ಚೌಕದಲ್ಲಿ ಮೊರ ಒಂದು ಕೂದಲೆಳೆಯಷ್ಟು ಕೆಳಗೆ. ಅದರ ಮುಂದಿನದರಲ್ಲಿ ಇನ್ನಷ್ಟು.

ಸೀರೆಯ ಅರಿಶಿನ ಬಣ್ಣ ನಿನ್ನೆ ಹಾಕಿದ ಹಾಗಿತ್ತು. ಕೊಡಾಕ್ರೋಮ್‌ನ ಹೆಚ್ಚುಗಾರಿಕೆ ಇದು, ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಬಣ್ಣ ಕೆಡುವುದಿಲ್ಲ. ಅದೇ ಕಾಲದ ಬೇರೆ ಎಷ್ಟೋ ಫಿಲ್ಮುಗಳು ಗುಲಾಬಿಗೆ ತಿರುಗಿವೆ.

ಇಂಥ ರೀಲಿಗೆ ಬೇಕಿರುವುದು ಸ್ಕ್ಯಾನಿಂಗ್. ಬೆಂಗಳೂರಿನಲ್ಲಿ ಮಾಡಿಕೊಡುವವರಿದ್ದಾರೆ, ಗೋಡೆಗೆ ಪ್ರೊಜೆಕ್ಟ್ ಮಾಡಿ ಮೊಬೈಲಿನಲ್ಲಿ ಹಿಡಿದುಕೊಡುವವರೂ ಇದ್ದಾರೆ. ಎರಡನೆಯವರಿಂದ ದೂರ ಇರಿ. ಒಂದೊಂದು ಚೌಕವನ್ನೂ ಬಿಡಿಬಿಡಿಯಾಗಿ ಸ್ಕ್ಯಾನ್ ಮಾಡುತ್ತೀರಾ ಎಂದು ಮೊದಲೇ ಕೇಳಿ. ಹಳೆಯ ಪ್ರೊಜೆಕ್ಟರಿಗೆ ಹಾಕಿ 'ಓಡುತ್ತಾ ನೋಡೋಣ' ಎನ್ನುವ ಆಸೆಯನ್ನೂ ತಡೆದುಕೊಳ್ಳಿ. ಒಣಗಿ ಕುಗ್ಗಿದ ಫಿಲ್ಮಿನ ತೂತುಗಳನ್ನು ಅದರ ಹಲ್ಲು ಹರಿದುಹಾಕುತ್ತದೆ.

▌ಡಬ್ಬಿ ಸಿಕ್ಕರೆ ಏನು ಮಾಡಬೇಕು?

ತೊಳೆದ ರೀಲಾದರೆ ಬೆಳಕಿಗೆ ಹಿಡಿದಾಗ ಚಿತ್ರ ಕಾಣುತ್ತದೆ. ಪೆಟ್ಟಿಗೆಯೊಳಗೇ ಇರುವ ಸೂಪರ್ 8, ಅಂಟು ಹಾಕಿ ಮುಚ್ಚಿದ ಡಬ್ಬಿ ಇವನ್ನು ತೆರೆಯಬೇಡಿ. ತೊಳೆಯದ್ದಾಗಿದ್ದರೆ ಒಂದು ಕ್ಷಣದ ಬೆಳಕೂ ಸಾಕು ಕೆಡಿಸಲು.

ವಿನೆಗರ್ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ. ಬೇರೆ ರೀಲುಗಳಿಂದ ದೂರ ಇಟ್ಟು ಬೇಗ ಸ್ಕ್ಯಾನ್ ಮಾಡಿಸಿ.

ಅಟ್ಟ ಬೇಡ. ಮನೆಯ ತಂಪಾದ, ಒಣ ಜಾಗ ನೋಡಿ.

ತೊಳೆಯದ ಫಿಲ್ಮನ್ನು ಚೆಕ್‌ಇನ್ ಲಗೇಜಿಗೆ ಹಾಕಬೇಡಿ. ವಿಮಾನ ನಿಲ್ದಾಣಗಳಿಗೆ ಬರುತ್ತಿರುವ ಹೊಸ ಸಿಟಿ ಸ್ಕ್ಯಾನರ್‌ಗಳೂ ಅದಕ್ಕೆ ವಿಷ. ಕೈಯಲ್ಲಿ ಹಿಡಿದು, ಕೈಯಿಂದಲೇ ಪರೀಕ್ಷಿಸಲು ಕೇಳಿ.

ಡಬ್ಬಿ, ಚೀಟಿ, ಅದರ ಮೇಲಿನ ಪೆನ್ನಿನ ಬರಹ ಏನನ್ನೂ ಎಸೆಯಬೇಡಿ. ಯಾವ ಫಿಲ್ಮು, ಯಾವ ವರ್ಷ, ಹೇಗೆ ತೊಳೆಯಬೇಕು ಎಂದು ಲ್ಯಾಬಿನವರು ಮೊದಲು ಕೇಳುವುದು ಅದನ್ನೇ.

ಐಸು, ಬ್ಯಾಟರಿ ನೀರು, ಬಕೆಟ್ಟು

ಹೊಸದಾಗಿ ತೆಗೆಯುವವರೂ ಇದ್ದಾರೆ ಎನ್ನುವುದು ಈ ಕಥೆಯ ವಿಚಿತ್ರ. 2012ರಲ್ಲಿ ನಿಂತಿದ್ದ ಎಕ್ಟಾಕ್ರೋಮ್ 2018ರಲ್ಲಿ ಮರಳಿ ಬಂತು, ಸೂಪರ್ 8 ಪೆಟ್ಟಿಗೆಯಲ್ಲೂ ಬಂತು. ಕೊಡಾಕ್ ಹೊಸ ಸೂಪರ್ 8 ಕ್ಯಾಮೆರಾವನ್ನೂ ಮಾಡಿತು. ಬಂದಾಗ ಅದರ ಬೆಲೆ 5,495 ಡಾಲರ್ ಇತ್ತು. ಆ ದುಡ್ಡಿಗೆ ತುಮಕೂರಿನಲ್ಲಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಕಾರು ಬರುತ್ತದೆ. ಹಾಗಾಗಿ ಹುಡುಗರು ಹಳೇ ಕ್ಯಾಮೆರಾ ಹುಡುಕಿ ರಿಪೇರಿ ಮಾಡಿಸಿ ಬಳಸುತ್ತಾರೆ.

ಮುಂಬೈನ ಹರ್ಕತ್ ಸ್ಟುಡಿಯೋಸ್ 16 ಎಂಎಂ ಚಿತ್ರೋತ್ಸವ ನಡೆಸುತ್ತ, ಫಿಲ್ಮನ್ನು ಕೈಯಾರೆ ತೊಳೆಯುವ ಕೆಲಸವನ್ನೂ ಕೈಗೆತ್ತಿಕೊಂಡಿದೆ. ಪ್ಯಾರಿಸ್ ಹೊರವಲಯದ ಲಬಾಮಿನಾಬ್ಲ್, ಜಕಾರ್ತದ ಲ್ಯಾಬ್ ಲಾಬಾ-ಲಾಬಾ ಹೀಗೆ ಕಲಾವಿದರೇ ಸೇರಿ ನಡೆಸುವ ಲ್ಯಾಬುಗಳ ಸಾಲಿಗೆ ಇದು ಸೇರುತ್ತದೆ. ದೊಡ್ಡ ಕಂಪನಿ ಬಿಟ್ಟುಹೋದ ಯಂತ್ರಗಳನ್ನು ಎತ್ತಿಕೊಂಡು ಬಂದು, ಕೈಪಿಡಿ ಓದಿ, ಕೆಡಿಸಿ ಕಲಿತವರು ಇವರು. ಇದೇ ಮುಂಬೈನಲ್ಲಿ 2018ರಲ್ಲಿ ಹಾಲಿವುಡ್ ನಿರ್ದೇಶಕ ಕ್ರಿಸ್ಟೋಫರ್ ನೋಲನ್, ಕಲಾವಿದೆ ಟಸಿಟಾ ಡೀನ್ ಬಂದು ಫಿಲ್ಮು ಉಳಿಯಬೇಕೆಂದು ಮಾತಾಡಿದ್ದರು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಅವರನ್ನು ಕರೆಸಿತ್ತು.

ತುಮಕೂರಿನಲ್ಲಿ ಹೀಗೆ ಕೈಯಾರೆ ತೊಳೆಯಲು ಆಗುತ್ತದೆಯೇ ಎಂದು ಸ್ಟುಡಿಯೋದ ಹಿರಿಯರನ್ನೇ ಕೇಳಿದೆ. ಅವರು ಹಿಂದಿನ ಕೋಣೆಗೆ ಕರೆದೊಯ್ದರು. ಡಾರ್ಕ್‌ರೂಮ್ ಈಗ ಫೋಟೋ ಫ್ರೇಮುಗಳ ಗೋದಾಮು. ಮೂಲೆಯ ಸಿಂಕಿನಲ್ಲಿ ಹೈಪೋದ ಕಂದು ಕಲೆ ಇನ್ನೂ ಹೋಗಿಲ್ಲ.

ಎಕ್ಟಾಕ್ರೋಮ್‌ನಂಥ ಬಣ್ಣದ ಫಿಲ್ಮು ತೊಳೆಯುವ ಇ-6 ವಿಧಾನ ಬೇಡ ಎಂದು ಮೊದಲೇ ಕೈಯಾಡಿಸಿದರು. ಮೊದಲ ಡೆವಲಪರ್ ಸರಿಯಾಗಿ 38 ಡಿಗ್ರಿಯಲ್ಲಿರಬೇಕು, ಅರ್ಧ ಡಿಗ್ರಿ ಏರುಪೇರಾದರೂ ಬಣ್ಣ ವಾಲುತ್ತದೆ. ಕಪ್ಪು-ಬಿಳುಪು ಮಾಡಬಹುದು. 20 ಡಿಗ್ರಿ ನೀರು ಬೇಕು, ಏಪ್ರಿಲ್‌ನಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಕಾದ ನೀರು. ಅದಕ್ಕೆ ಐಸು. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಪರವಾಗಿಲ್ಲ. ಬೋರ್‌ವೆಲ್ ನೀರಿನಲ್ಲಿ ಕೊನೆಯ ತೊಳೆತ ಮಾಡಿದರೆ ಒಣಗಿದ ಮೇಲೆ ಬಿಳಿ ಚುಕ್ಕೆ ನಿಲ್ಲುತ್ತದೆ. ಐದು ಮಿಲಿಮೀಟರಿನ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ಒಂದು ಮುಖ ಹೋದಂತೆ. ಕೊನೆಯ ಮುಳುಗಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಂದುಕೊಳ್ಳಿ ಎಂದರು.

50 ಅಡಿ ಸುತ್ತುವುದು ಯಾವುದರಲ್ಲಿ? ಸ್ಟಿಲ್ ಕ್ಯಾಮೆರಾದ ಟ್ಯಾಂಕು ಐದೂವರೆ ಅಡಿಗೇ ತುಂಬುತ್ತದೆ. ಸೋವಿಯತ್ ಕಾಲದ ಲೋಮೋ ಟ್ಯಾಂಕಿನ ದೊಡ್ಡ ಸುರುಳಿಗೆ 15 ಮೀಟರ್ ಹಿಡಿಯುತ್ತದೆ, ಹವ್ಯಾಸಿಗಳು ಅದನ್ನೇ ಹುಡುಕಿ ಕೊಳ್ಳುತ್ತಾರೆ. ಇಲ್ಲದವರು ಕತ್ತಲಲ್ಲಿ ಬಕೆಟ್ಟಿಗೆ ಫಿಲ್ಮನ್ನು ಸಡಿಲವಾಗಿ ಬಿಟ್ಟು ಕೈಯಲ್ಲೇ ಕಲಕುತ್ತಾರೆ. ಗೀರು ಬೀಳುತ್ತದೆ. ಕೆಲವರು ಅದನ್ನೇ ಕಲೆ ಎನ್ನುತ್ತಾರೆ, ಅದು ಅವರಿಷ್ಟ. ಅಜ್ಜಿಯ ರೀಲಿನ ಮೇಲೆ ಬೇಡ.

ಬ್ಲೀಚಿನ ವಿಷಯಕ್ಕೆ ಬಂದಾಗ ಹಿರಿಯರ ದನಿ ಬಿಗಿಯಾಯಿತು. ಪೊಟ್ಯಾಸಿಯಂ ಡೈಕ್ರೋಮೇಟಿಗೆ ಗಂಧಕಾಮ್ಲ ಸೇರಿಸಿದ ಕಿತ್ತಳೆ ದ್ರಾವಣ ಅದು. ಕೈಗವಸು ಇಲ್ಲದೆ ಮುಟ್ಟಬಾರದು, ಕ್ಯಾನ್ಸರ್ ತರುವ ವಸ್ತು, ಚರಂಡಿಗೆ ಸುರಿಯುವಂತಿಲ್ಲ. ಬದಲಿಗೆ ಪರ್ಮಾಂಗನೇಟ್ ಬಳಸಬಹುದು, ಆದರೆ ಅದು ಫಿಲ್ಮಿನ ಪದರವನ್ನು ಮೆತ್ತಗೆ ಮಾಡುತ್ತದೆ. ಉಗುರು ತಾಗಿದರೆ ಚಿತ್ರವೇ ಎದ್ದುಬರುತ್ತದೆ.

ಇಷ್ಟೆಲ್ಲ ಹೇಳಿ, "ಒಂದ್ ಟ್ಯಾಂಕ್ ಸಿಕ್ಕಿದ್ರೆ ತನ್ನಿ ನೋಡಣ. ಮೊದ್ಲು ಹೊಸಾ ಫಿಲ್ಮಲ್ಲಿ ಮಾಡಿ ನೋಡಣ, ಆ ಗುಬ್ಬಿ ರೀಲ್ ಮಾತ್ರ ನಂಗ್ ಕೊಡ್ಬೇಡಿ" ಎಂದರು. ಕಸುಬು ಬಲ್ಲವರ ಮಾತು.

ಅಮೆರಿಕದಲ್ಲಿ ಫಿಲ್ಮ್ ಸಂರಕ್ಷಕರು ಶುರು ಮಾಡಿದ ಹೋಂ ಮೂವಿ ಡೇ ಈಗ ಹಲವು ದೇಶಗಳಲ್ಲಿ ಪ್ರತಿ ಅಕ್ಟೋಬರ್‌ನ ಮೂರನೇ ಶನಿವಾರದ ಸುಮಾರಿಗೆ ನಡೆಯುತ್ತದೆ. ಜನ ಮನೆಯ ರೀಲು ತರುತ್ತಾರೆ, ಗೊತ್ತಿರುವವರು ಮೇಜಿನ ಮೇಲೆ ಬಿಚ್ಚಿ ಪರೀಕ್ಷಿಸಿ, ಓಡಿಸಬಹುದಾದರೆ ಓಡಿಸಿ ತೋರಿಸುತ್ತಾರೆ. ಅಕ್ಟೋಬರ್ 27 ಯುನೆಸ್ಕೋದ ದೃಶ್ಯ-ಶ್ರವ್ಯ ಪರಂಪರೆಯ ದಿನ. ದಸರಾ, ದೀಪಾವಳಿಗೆಂದು ಅಟ್ಟ ಗುಡಿಸುವ ಕಾಲವೂ ನಮಗೆ ಅದೇ.

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಅಂಥದ್ದೊಂದು ಶನಿವಾರ ಮಾಡಬಹುದು. ತೊಳೆಯಬೇಕಾದ ರೀಲುಗಳು ಗುಬ್ಬಿ, ಕುಣಿಗಲ್, ತಿಪಟೂರು, ಶಿರಾ ಎಲ್ಲ ಕಡೆಯಿಂದ ಒಂದೆಡೆ ಸೇರಿದರೆ ಒಂದೇ ಪೊಟ್ಟಣದಲ್ಲಿ ಹೊರಗೆ ಕಳಿಸಬಹುದು, ಕೊರಿಯರ್ ಖರ್ಚು ಹಂಚಿಹೋಗುತ್ತದೆ. ತೊಳೆದವನ್ನು ಅಲ್ಲೇ ಪರೀಕ್ಷಿಸಿ, ಗಟ್ಟಿಯಿದ್ದದ್ದನ್ನು ಓಡಿಸಬಹುದು. ಮೇಜು, ಬಿಳಿ ಪಂಚೆ, ಭೂತಗನ್ನಡಿಗೆ ಏನೂ ತೊಂದರೆಯಿಲ್ಲ. ಸ್ಟುಡಿಯೋದ ಹಿರಿಯರ ಹತ್ತಿರ ಒಂದು 8 ಎಂಎಂ ಪ್ರೊಜೆಕ್ಟರೂ ಇದೆ. ಅದರ ಬೆಲ್ಟು ಹೊಲಿಗೆ ಯಂತ್ರದ ಅಂಗಡಿಯಲ್ಲಿ ಹೊಂದಿಸಬಹುದಂತೆ. ಬಲ್ಬು ಮಾತ್ರ ಹೋಗಿದೆ, ಈಗಿನಿಂದಲೇ ಹುಡುಕಬೇಕು.